ರಾಚಮ್ಮನ ಮನೆಗೆ ಎಷ್ಟು ನಿದ್ದೆ

ಮಣ್ಣಿಗೆ ಬಂದ ನೆಂಟರೆಲ್ಲ ತಿರುಗಿ ಹೋದ ಮೇಲಿನ ಮೊದಲ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಇಳಿದು ಒಲೆಯ ತನಕ ಬಂದಿತ್ತು. ಹಾಲಿನವನು ಕೂಗಿ ಹೋಗಿದ್ದ. ನಳದ ನೀರು ಬಂದು ನಿಂತಿತ್ತು. ಮನೆಯೊಡತಿ ಸಾವಂತ್ರವ್ವ ಬಾಗಿಲು ಬಡಿದು ಬಡಿದು ಸಾಕಾಗಿ, ಕೊನೆಗೆ ಕಿಟಕಿಯ ಸರಳಿನೊಳಗಿಂದ ಕೋಲು ತೂರಿಸಿ ನನ್ನ ಕಾಲು ತಿವಿದಿದ್ದಳು.

"ಯವ್ವಾ ನೀಲಾ, ನೀನೂ ಹೋದಿ ಅಂದ್ಕೊಂಡ್ನಿ ನಾ," ಎಂದಳು ಎದೆಯ ಮೇಲೆ ಕೈಯಿಟ್ಟುಕೊಂಡು. "ಗಂಡ ಸತ್ತಾಕಿ ಹಿಂಗ ಮಲಗ್ತಾಳೇನ?" ಆಮೇಲೆ ಅವಳಿಗೇ ನೆನಪಾಯಿತು. "ಹೌದಲ್ಲ, ಅವನ ನಿದ್ದೀನೂ ಈಗ ನಿನಗ ಬಂದೈತಿ. ಮರತ ಬಿಟ್ಟಿದ್ನಿ ನೋಡು. ಮಲಕೊ, ಮಲಕೊ. ಅದಾರ ಸಿಕ್ಕತಲ್ಲ."

ನಮ್ಮ ಊರಲ್ಲಿ ಗಂಡ ಸತ್ತರೆ ಅವನ ನಿದ್ದೆ ಹೆಂಡತಿಗೆ, ಹೆಂಡತಿ ಸತ್ತರೆ ಗಂಡನಿಗೆ. ಹಾಗಾಗಿ ಅಳಬೇಕಾದವರು ಗೊರಕೆ ಹೊಡೆಯುವುದನ್ನು ಜನ ನೋಡಿಯೂ ನೋಡದಂತೆ ಇರುತ್ತಾರೆ. ನನಗೆ ಅಳು ಬಂದಿರಲಿಲ್ಲ. ಮೋಟಾರ್ ರಿಪೇರಿ ಅಂಗಡಿಯಲ್ಲಿ ಚಹಾದ ಲೋಟ ತೆಗೆದುಕೊಳ್ಳಲು ಎದ್ದ ನನ್ನ ಗಂಡ ಗವಿಸಿದ್ಧ ಲೋಟ ಹಿಡಿಯುವ ಮೊದಲೇ ಬಿದ್ದ ಎಂದು ಅಂಗಡಿಯವರು ಬಂದು ಹೇಳಿದಾಗಲೂ ಬರಲಿಲ್ಲ. ಯಾರೋ ಲೋಟ ಒಡೆಯಿತೇ ಎಂದು ಕೇಳಿದರು. ಕೇಳಿದ್ದು ನಾನೇ ಎಂದು ಆಮೇಲೆ ಗೊತ್ತಾಯಿತು.

ಎದ್ದು ಹಾಸಿಗೆ ಸುತ್ತಲು ಬಗ್ಗಿದೆ. ನನ್ನ ಬಲಗೈ ಇದ್ದ ಕಡೆ ಮಾತ್ರ ಮೇಲುಹಾಸು ಒಂದೂ ಸುಕ್ಕಿಲ್ಲದೆ ಮಟ್ಟಸವಾಗಿತ್ತು. ಅವನ ನಿದ್ದೆ ನನ್ನಲ್ಲಿದೆ ಎನ್ನುವುದಕ್ಕೆ ಬೇರೆ ಗುರುತು ಬೇಕಿರಲಿಲ್ಲ. ಅವನು ನಿದ್ದೆಯಲ್ಲಿ ಬಲಗೈಯಿಂದ ಹಾಸಿಗೆ ಸವರುತ್ತಿದ್ದ, ಆಚೆಗೊಮ್ಮೆ, ಈಚೆಗೊಮ್ಮೆ, ನಿಧಾನವಾಗಿ. ನನ್ನನ್ನು ಹುಡುಕುತ್ತಿದ್ದಾನೆ ಎಂದುಕೊಂಡು ನಾನು ಹತ್ತಿರ ಸರಿಯುತ್ತಿದ್ದೆ. ಆಗ ಕೈ ನಿಲ್ಲುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವನಿಗೆ ನಿದ್ದೆಯೇ ಇರಲಿಲ್ಲ. ಇಲಿ ಓಡಿದರೆ ಎದ್ದು ಕೂರುತ್ತಿದ್ದ, ಇಲಿ ಓಡದಿದ್ದರೆ ಯಾಕೆ ಓಡಲಿಲ್ಲ ಎಂದು ಎದ್ದು ಕೂರುತ್ತಿದ್ದ. ಸ್ವಂತ ಮನೆ ನೋಡಲು ತೊಡಗಿದ ಮೇಲೆ ಒಮ್ಮೆಲೇ ಬದಲಾದ. ದಿಂಬಿಗೆ ತಲೆ ತಾಗಿದರೆ ಸಾಕು, ಕಲ್ಲಿನ ಹಾಗೆ. ನನ್ನ ಪಕ್ಕ ಅವನಿಗೆ ನೆಮ್ಮದಿ ಸಿಕ್ಕಿತು ಎಂದು ನಂಬಿದೆ. ಎಂ.ಎ.ಗೆ ಅರ್ಥಶಾಸ್ತ್ರ ಓದಿದವಳು ನಾನು. ಕಾರಣವಿಲ್ಲದೆ ಯಾವುದೂ ಏರುವುದಿಲ್ಲ ಎಂದು ಓದಿದ್ದೆ. ಕಾರಣ ನಾನೇ ಎಂದುಕೊಳ್ಳುವುದರಲ್ಲಿ ಎಂಥ ಸುಖವಿತ್ತು.

ಈ ಊರಲ್ಲಿ ಅಕ್ಕಿ, ಬಟ್ಟೆ, ಬೇಕಾದರೆ ಬಂಗಾರವನ್ನೂ ದುಡ್ಡಿಗೆ ಕೊಳ್ಳಬಹುದು. ಮನೆಗೆ ಮಾತ್ರ ನಿದ್ದೆಯನ್ನೇ ಕೊಡಬೇಕು, ದಿನದ ನಿದ್ದೆಯ ಒಂದು ಪಾಲನ್ನು, ಬದುಕಿರುವ ತನಕ. ವಯಸ್ಸಾದವರ ಹತ್ತಿರ ಮನೆ ಇರುತ್ತದೆ, ನಿದ್ದೆ ಇರುವುದಿಲ್ಲ. ಹೊಸ ಸಂಸಾರದವರ ಹತ್ತಿರ ನಿದ್ದೆಯೊಂದೇ ಇರುತ್ತದೆ. ಸ್ವಂತ ಮನೆಯವರನ್ನು ಕೆಂಪು ಕಣ್ಣಿನಿಂದಲೇ ಗುರುತಿಸಬಹುದು. ನಸುಕಿಗೇ ಕಟ್ಟೆಯ ಮೇಲೆ ಕೂತು ಚೌಕಾಬಾರ ಆಡುತ್ತಾರೆ, ಬಾಡಿಗೆಯವರ ಕೆನ್ನೆಯ ಮೇಲಿನ ದಿಂಬಿನ ಗೆರೆ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ಕೈಗಡವೂ ಉಂಟು. ಪರೀಕ್ಷೆಯ ಹುಡುಗರು ತಮ್ಮದನ್ನು ಅಜ್ಜಿಯರಿಗೆ ಕೊಟ್ಟು ಓದಲು ಕೂರುತ್ತಾರೆ. ಬಾಣಂತಿ ಪಕ್ಕದ ಮನೆಯಿಂದ ಒಂದಿಷ್ಟು ತರುತ್ತಾಳೆ. ಕೊಡುವವರು ತೆಗೆದುಕೊಳ್ಳುವವರ ಕಣ್ಣಿನ ಮೇಲೆ ಅಂಗೈ ಇಟ್ಟು "ತಗೊ" ಎಂದರೆ ಆಯಿತು.

ಎಷ್ಟು ಕೊಡುವುದು ಎನ್ನುವುದೇ ನಮ್ಮಿಬ್ಬರ ಜಗಳವಾಗಿತ್ತು. ಜಗಳವೆಂದರೆ ಅಂಥದ್ದಲ್ಲ, ಊಟಕ್ಕೆ ಕೂತಾಗ ಬರುತ್ತಿದ್ದ ಮಾತು. ಮಾರುವವರ ಮುಂದೆ ಆಕಳಿಸಬಾರದು ಎಂದು ಅವನು ನನಗೆ ಪಾಠ ಹೇಳುತ್ತಿದ್ದ. ಆಕಳಿಸಿದರೆ ನಮ್ಮ ಹತ್ತಿರ ಬೇಕಾದಷ್ಟಿದೆ ಎಂದು ತಿಳಿದು ಬೆಲೆ ಏರಿಸುತ್ತಾರಂತೆ. ಮನೆ ಇಷ್ಟವಾದರೆ ಮುಖ ಗಂಟು ಹಾಕಬೇಕು, ಗೋಡೆಯ ಬಿರುಕನ್ನು ಎರಡು ಸಲ ಮುಟ್ಟಬೇಕು, ಅಡುಗೆಮನೆಯಲ್ಲಿ ಸುಮ್ಮನೆ ಕೆಮ್ಮಬೇಕು. ಮೊದಲು ನಾವು ಬಾಯಿ ಬಿಡಬಾರದು. ಮನೆ ಮಾರಲು ಹೊರಟಿದ್ದ ಮುದುಕಿ ರಾಚಮ್ಮನ ಮನೆಯಲ್ಲಿ ಇಷ್ಟೂ ಮಾಡಿದೆವು. ಅಡುಗೆಮನೆಯಲ್ಲಿ ಕೆಮ್ಮಿದ್ದು ನಾನು. ಪೂರ್ವಕ್ಕೆ ಕಿಟಕಿ ಇರುವ, ಹೊಗೆಯ ಸುಳಿವೇ ಇಲ್ಲದ ಅಡುಗೆಮನೆ. ರಾಚಮ್ಮ ನನ್ನನ್ನು ನೋಡಿ, "ನೀರ ಕುಡೀಯವಾ. ಕೆಮ್ಮೂದ ಕಲತಿಲ್ಲ ನೀನು," ಎಂದಳು. ಹೊರಗೆ ಬಂದ ಮೇಲೆ ಅವನು ಬೀದಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇಬ್ರದೂ ನಸುಕಿನ ನಿದ್ದಿ ಕೊಡೋಣು," ಎನ್ನುತ್ತಿದ್ದೆ ನಾನು. "ಇಬ್ರೂ ಬೆಳಗ ಮುಂಚೆ ಏಳ್ತೀವಿ, ಚಾ ಕುಡೀತೀವಿ. ಏನೂ ಹೋಗೂದಿಲ್ಲ."

"ನಿಂದ ಮುಟ್ಟೂದ ಬ್ಯಾಡ," ಎನ್ನುತ್ತಿದ್ದ. "ನನ್ನ ನಿದ್ದಿ ರಾಚಮ್ಮ ನೋಡ್ಯಾಳಲ್ಲ, ಬಾಯಿ ಬಿಟಗೊಂಡ ನೋಡ್ಯಾಳ."

ಕೊಳ್ಳುವವನು ಮಾರುವವರ ಮನೆಯಲ್ಲಿ ಒಂದು ಮಧ್ಯಾಹ್ನ ಮಲಗಿ ತೋರಿಸುವುದು ಪದ್ಧತಿ. ಅವನು ಕೆಂಪು ಗಾರೆಯ ನೆಲದ ಮೇಲೆ ಬರೀ ಚಾಪೆಯಲ್ಲಿ ಮಲಗಿದ. ರಾಚಮ್ಮ ತಲೆಯ ಹತ್ತಿರ ಕನ್ನಡಕ ಹಾಕಿಕೊಂಡು ಕೂತು, ಅವನ ಮೂಗಿನ ಮುಂದೆ ಬೆರಳು ಹಿಡಿದು, ಉಸಿರು ನೋಡಿದಳು. ಕೆಲಸದಲ್ಲಿದ್ದಷ್ಟು ಕಾಲ ರಾತ್ರಿ ಪಾಳಿಯ ನರ್ಸ್ ಆಗಿದ್ದವಳು. ಅವಳ ಕಣ್ಣಿನಲ್ಲಿ ನೀರು ಬಂತು. "ಇಂಥಾದ್ದು ನಾ ವಾರ್ಡಿನ್ಯಾಗೂ ಕಂಡಿಲ್ಲ. ಅಮಾಸಿ ಒಳಗ ಎಷ್ಟು ಕೊಡ್ತೀರಿ ಹೇಳ್ರಿ," ಎಂದಳು. ಏಳುವಾಗ ಅವನು ಪೆನ್ಸಿಲಿನಿಂದ ಗೋಡೆಯ ಮೇಲೆ ಸಣ್ಣ ಗೆರೆ ಎಳೆದ. ನನಗೊಬ್ಬಳಿಗೇ ಕೇಳುವಂತೆ "ನಿನ್ನ ಪುಸ್ತಕ ಇಲ್ಲಿ" ಎಂದ. ಅಮಾವಾಸ್ಯೆಗೆ ಮೊದಲೇ ಅವನು ಹೋದ.

ಆ ಬೆಳಿಗ್ಗೆ ನಾನು ಒಲೆ ಹಚ್ಚುವ ಹೊತ್ತಿಗೆ ರಾಚಮ್ಮ ತಾನೇ ಬಂದಳು. ಸಾವಿನ ಮನೆಯೆಂದು ಬರಿಗೈಯಲ್ಲಿ ಬರದೆ ಜೋಳದ ರೊಟ್ಟಿ, ಪುಂಡಿಪಲ್ಯ ತಂದಿದ್ದಳು. ನನ್ನ ಮುಂದೆ ಇಟ್ಟು, ನಾನು ಒಂದು ತುತ್ತು ನುಂಗುವ ತನಕ ಕಾದಳು.

"ಹೇಳಬಾರದ ಹೊತ್ತಿನ್ಯಾಗ ಹೇಳಾಕತ್ತೀನಿ, ಬೈಕೊಬ್ಯಾಡ," ಎಂದಳು. "ಬ್ಯಾರೆ ಒಂದು ಜೋಡಿ ಬಂದೈತಿ. ಹೊಸಾ ಮದಿವಿ. ಹುಡುಗ ತನ್ನ ಮೊದಲನೇ ನಿದ್ದಿ ಇಡಿಯಾಗಿ ಕೊಡ್ತೀನಂತಾನ. ನಾಳೆ ಅಮಾಸಿ. ನನಗ ನಿಮಗ ಕೊಡಬೇಕಂತ ಮನಸ್ಸೈತಿ. ಅವನ ನಿದ್ದಿ ನೋಡಿದ ಮ್ಯಾಲೆ ಬ್ಯಾರೇದು ಹಿಡಸವಲ್ದು."

"ಅವರಿಲ್ಲಲ್ರಿ ಸಿಸ್ಟರ್," ಎಂದೆ.

"ಅವಾ ಇಲ್ಲ. ಅವನ ನಿದ್ದಿ ಐತಿ. ನಿನ್ನೊಳಗ ಐತಿ. ನಿಂದು ನಿನಗಿರ್ಲಿ, ಅವಂದು ನನಗ ಕೊಟ್ಟಬಿಡು. ಮನಿ ನಿಂದು. ಈ ಊರಾಗ ಸ್ವಂತ ಮನಿ ಐತಿ, ಕಣ್ಣಾಗ ಕೆಂಪ ಇಲ್ಲ ಅನ್ನಾಕಿ ನೀ ಒಬ್ಬಾಕೀನ ಆಗ್ತಿ."

ಅವಳು ಹೋದ ಮೇಲೆ ಸಾವಂತ್ರವ್ವ ಬಾಗಿಲಿನ ಕಂಬಕ್ಕೆ ಒರಗಿ ನಿಂತಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಕೊಟ್ಟ ಬಿಡವಾ. ನಮ್ಮನಿಯವ್ರು ಒಬ್ಬಾಕೀನ ಹೆಂಗಸನ್ನ ಬಾಡಗಿಗೆ ಇಟಗೊಳ್ಳೂದ ಬ್ಯಾಡ ಅಂತಾರ. ನಾ ಎಷ್ಟ ದಿನ ತಡೀಲಿ?" ಎಂದಳು. ನನ್ನ ಅಪ್ಪ ಮಣ್ಣಿಗೆ ಬಂದಾಗಲೇ ಹೇಳಿ ಹೋಗಿದ್ದರು, ಹುಣ್ಣಿಮೆಗೆ ಬಂದು ಕರೆದುಕೊಂಡು ಹೋಗುತ್ತೇನೆ, ಇಲ್ಲಿ ಯಾರದಾರ ನಿನಗ ಎಂದು. ಅಪ್ಪನ ಮನೆಯಲ್ಲಿ ನನಗೊಂದು ಮೂಲೆ ಇರುತ್ತದೆ, ಅಣ್ಣನ ಮಕ್ಕಳ ತಲೆ ಬಾಚುವ ಕೆಲಸ ಇರುತ್ತದೆ. ರಾಚಮ್ಮನ ಮನೆ ಕೊಂಡರೆ ಇಲ್ಲೇ ಇರುತ್ತೇನೆ. ಕೊಳ್ಳದಿದ್ದರೆ ಇಲ್ಲ. ಇಷ್ಟು ಸರಳವಾಗಿತ್ತು.

ಕೂತು ಯೋಚಿಸಿದೆ. ಮನೆ ಅವನ ಆಸೆ. ನಿದ್ದೆ ಅವನ ಉಳಿಕೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದು. ಯಾವ ಪರೀಕ್ಷೆಯಲ್ಲಿ ಕೇಳಿದ್ದರೂ ಉತ್ತರ ಬರೆದು ಎದ್ದು ಬರುತ್ತಿದ್ದೆ. ಹೂಂ ಅನ್ನುವುದೆಂದು ನಿರ್ಧಾರ ಮಾಡಿದೆ. ಆಮೇಲೆ, ಬೇರೇನು ಮಾಡುವುದೆಂದು ತೋಚದೆ, ಅವನು ಇಸ್ತ್ರಿಗೆ ಕೊಟ್ಟಿದ್ದ ಅಂಗಿಗಳನ್ನು ತರಲು ಹೊರಟೆ.

ಮೋಟಾರ್ ಅಂಗಡಿಯ ಪಕ್ಕದ ಬೇವಿನ ಮರದ ಕೆಳಗೆ ಹುಲಿಗೆವ್ವನ ಇಸ್ತ್ರಿ ಬಂಡಿ. ಗವಿಸಿದ್ಧ ಕೆಲಸವಿಲ್ಲದ ಹೊತ್ತಿನಲ್ಲಿ ಅಲ್ಲಿಯೇ ಕೂರುತ್ತಿದ್ದ, ಅವಳನ್ನು ಅಕ್ಕಾ ಎನ್ನುತ್ತಿದ್ದ. ನಾನು ಹೋದಾಗ ಒಬ್ಬ ಗಿರಾಕಿ ಅಂಗಿಯ ಕಾಲರ್ ಎತ್ತಿ ತೋರಿಸಿ ಕೂಗಾಡುತ್ತಿದ್ದ. ಕಾಲರಿನ ಮೇಲೆ ಕಂದು ಕಲೆ ಕೂತಿತ್ತು.

"ಮೊನ್ನಿ ಪ್ಯಾಂಟು, ಇವತ್ತ ಅಂಗಿ. ನಾಳಿಗಿ ನನ್ನ ಸುಡು!"

"ನಿನ್ನ ಸುಟ್ರ ಇದ್ದಲಿ ಸಾಲೂದಿಲ್ಲೋ, ಹೋಗ," ಎಂದಳು ಹುಲಿಗೆವ್ವ. ಆದರೆ ದನಿಯಲ್ಲಿ ಕಸುವಿರಲಿಲ್ಲ. ಅವಳ ಮುಂಗೈ ತುಂಬ ಸುಟ್ಟ ಗಾಯಗಳಿದ್ದವು, ಒಣಗಿದವು, ಹಸಿಯವು. ಕಣ್ಣು ಕೆಂಡದ ಹಾಗಿತ್ತು. ಎಷ್ಟು ಮನೆ ಕೊಂಡವರ ಕಣ್ಣೂ ಅಷ್ಟು ಕೆಂಪಿರುವುದಿಲ್ಲ. ಅವಳಿಗಾದರೋ ಇದ್ದದ್ದು ತಗಡಿನ ಗುಡಿಸಲು.

ನನ್ನನ್ನು ನೋಡಿ ಅವಳು ತಲೆ ತಗ್ಗಿಸಿದಳು. "ಬಾರವಾ ತಂಗಿ. ಕೂಡ್ರು. ಅವನ ಅಂಗಿ ಇನ್ನ ಆಗಿಲ್ಲ, ಈಗ ಮಾಡಿ ಕೊಡ್ತೀನಿ."

ಅಂಗಿ ಹರವಿದಳು. ಇಸ್ತ್ರಿ ಪೆಟ್ಟಿಗೆ ಇಡುವ ಮೊದಲು ಬಲಗೈಯಿಂದ ಬಟ್ಟೆ ಸವರಿದಳು. ಆಚೆಗೊಮ್ಮೆ. ಈಚೆಗೊಮ್ಮೆ. ನಿಧಾನವಾಗಿ. ಅಂಗೈಯ ಬುಡ ಒತ್ತಿ, ಬೆರಳು ಮೇಲಕ್ಕೆತ್ತಿ, ಕೊನೆಯಲ್ಲಿ ಸ್ವಲ್ಪ ಎಡಕ್ಕೆ ತಿರುಗಿಸಿ.

ನಾನು ಬಂಡಿಯ ಗಾಲಿ ಹಿಡಿದುಕೊಂಡೆ. ಆ ತಿರುವು ನನಗೆ ಗೊತ್ತಿತ್ತು. ಕತ್ತಲಲ್ಲೂ ಗೊತ್ತಿತ್ತು. ಆ ಕೈ ನನ್ನ ಸೊಂಟದ ಹತ್ತಿರ ಬಂದು ನಿಲ್ಲುವುದನ್ನು ನಾನು ಎಷ್ಟೋ ಸಲ ಕಾದಿದ್ದೆ.

"ಅಕ್ಕಾ," ಎಂದೆ, "ಅವರು ಮಲಗತಿದ್ದದ್ದು ನಿಮ್ಮ ನಿದ್ದಿಯೇನು?"

ಹುಲಿಗೆವ್ವ ಪೆಟ್ಟಿಗೆ ಎತ್ತಿ ಕಲ್ಲಿನ ಮೇಲೆ ಇಟ್ಟಳು. ಮರದ ನೆರಳಿನಿಂದ ನಾಯಿಯೊಂದು ಎದ್ದು ಹೋಯಿತು.

"ತಿರಗಿ ಕೇಳಬಾರದಂತ ಮಾಡಿದ್ನಿ," ಎಂದಳು. "ಸತ್ತಾವನ ಮ್ಯಾಲೆ ಹೇಳಬಾರದು. ಮನಿ ಕೊಳ್ಳಾಕ ಮಲಗಿ ತೋರಸಬೇಕು, ನನ್ನ ನಿದ್ದಿ ಹರಕ ಚಾಪಿ ಇದ್ದಂಗೈತಿ ಅಕ್ಕಾ, ಆ ಮುದುಕಿ ನೋಡಿದ್ರ ಒದರ್ತಾಳ ಅಂದ. ನಕ್ಕೋತ ಕೊಟ್ನಿ. ಅವತ್ತಿಗೆ ಅಷ್ಟ ಅಂದಿದ್ದ. ಅದಕ್ಕೂ ಮುಂಚೆ ರೂಢಿಯಾಗ್ಲಿ ಅಂತ ಒಂದ ವಾರ."

"ಆಮ್ಯಾಲೆ?"

"ಆಮ್ಯಾಲೆ ಕೇಳಿದ್ನಿ. ಕೇಳದ ಇರ್ತೀನೇನು? ಕೈ ಸುಟಗೊಳ್ಳಾಕತ್ತಿದ್ನಿ." ಅವಳು ನನ್ನ ಮುಖ ನೋಡಲಿಲ್ಲ. "ಇನ್ನೊಂದೀಟು ದಿನ ಅಕ್ಕಾ ಅಂದ. ನೀಲಾ ಭಾಳ ಖುಷಿ ಆಗ್ಯಾಳ, ನಾ ಮಲಗೂದ ನೋಡಿ ಆಕಿ ಮುಖಾನ ಬದಲಾಗೈತಿ, ಈಗ ಹೆಂಗ ತಿರಗಿ ಕೊಡ್ಲಿ ಅಂದ. ಸಣ್ಣ ಹುಡುಗ್ರಂಗ ನಿಂತಿದ್ದ. ನನಗೂ ಬಾಯಿ ಬರಲಿಲ್ಲ."

ಅವಳು ಇನ್ನೂ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ನನ್ನ ಮದುವೆಯ ಸುಖವೆಂದು ನಾನು ಎಣಿಸಿದ್ದು ಒಬ್ಬ ಹೆಂಗಸಿನ ಮುಂಗೈಯ ಮೇಲೆ ಸುಟ್ಟ ಗಾಯವಾಗಿ ಕೂತಿತ್ತು. ಅವನು ನನಗೆ ಮೋಸ ಮಾಡಿದನೆಂದು ಸಿಟ್ಟಾಗಬೇಕಿತ್ತು. ನನ್ನ ಮುಖ ಬಾಡಬಾರದೆಂದು ಮಾಡಿದನೆಂದು ಕರಗಬೇಕಿತ್ತು. ಎರಡೂ ಆಗಲಿಲ್ಲ. ಯಾರೋ ತಲೆಯ ಮೇಲೆ ಕೊಡ ತಣ್ಣೀರು ಸುರಿದು, ಕೊಡವನ್ನು ನನ್ನ ಕೈಗೇ ಕೊಟ್ಟು ಹೋದ ಹಾಗಿತ್ತು.

ಆ ಕ್ಷಣವೇ ತಿರುಗಿ ಕೊಡಬಹುದಿತ್ತು. ಕೊಡಲಿಲ್ಲ. "ಬರ್ತೀನಿ ಅಕ್ಕಾ" ಎಂದು, ಅಂಗಿಗಳನ್ನೂ ತೆಗೆದುಕೊಳ್ಳದೆ, ರಾಚಮ್ಮನ ಮನೆಗೆ ನಡೆದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ. ನನ್ನೊಳಗೆ ಇರುವುದನ್ನು ಕೊಟ್ಟರೆ ಮನೆ. ಕೊಡದಿದ್ದರೆ, ನನ್ನದರಲ್ಲಿ ಎಷ್ಟು? ಮೊದಲನೇ ನಿದ್ದೆ ಕೊಡಲಾರೆ, ದಿನವನ್ನು ಮುಚ್ಚುವುದು ಅದೊಂದೇ. ನಡುವಿನದು ಕೊಟ್ಟರೆ ಆ ಹೊತ್ತಿನಲ್ಲಿ ಎಚ್ಚರವಾಗಿ ಒಬ್ಬಳೇ ಕೂರಬೇಕು, ಈಗ ಅದೂ ಆಗದು. ನಸುಕಿನದು ಕೊಡಬಲ್ಲೆ. ಮಧ್ಯಾಹ್ನದ ಜೊಂಪು ಕೊಡಬಲ್ಲೆ. ಅದರಾಚೆ ಒಂದು ಆಕಳಿಕೆಯೂ ಇಲ್ಲ. ಇಬ್ಬರಿದ್ದಾಗ ಮಾಡಿದ್ದ ಲೆಕ್ಕವೆಲ್ಲ ಒಬ್ಬಳಿಗೆ ಬಂದಾಗ ಎಷ್ಟು ಸಣ್ಣದಾಯಿತು.

ರಾಚಮ್ಮ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಅಂದ್ರ ಅವತ್ತು ನಾ ಮೂಗಿನ ಮುಂದ ಬಟ್ಟ ಹಿಡದು ನೋಡಿದ್ದು ಆ ಇಸ್ತ್ರಿಯಾಕೀದು?"

"ಹೌದ್ರಿ."

"ಕಳ್ಳ ಸೂಳೇಮಗ!" ಎಂದಳು. ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಶಿವಾ ಶಿವಾ, ಸತ್ತಾವಗ ಬೈದೆ." ಆಮೇಲೆ ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. "ಎಷ್ಟ ಚಂದ ಮಲಗಿದ್ದ ಅವಾ. ನಾ ಮದಿವಿಯಾಗದಿದ್ದಾಕಿ, ನನಗ ಇಂಥಾ ಮಗ ಇರಬೇಕಿತ್ತು ಅನಿಸಿತ್ತ ನೋಡು."

ನಾನು ನನ್ನ ಮಾತು ಹೇಳಿದೆ. ನಸುಕಿನದು, ಮಧ್ಯಾಹ್ನದ್ದು, ಎರಡೂ ನನ್ನವೇ, ಬದುಕಿರುವ ತನಕ.

ರಾಚಮ್ಮ ಗಂಭೀರವಾದಳು. "ಸಾಲೂದಿಲ್ಲ ತಂಗಿ. ಆ ಹುಡುಗ ಮೊದಲನೇದು ಕೊಡಾಕತ್ತಾನ." ಕಾಯಿಯ ಬುಟ್ಟಿ ಪಕ್ಕಕ್ಕೆ ಸರಿಸಿ ಹತ್ತಿರ ಬಂದಳು. "ಕೇಳಿಲ್ಲಿ. ಸತ್ತಾವನ ಕೈಗಡ ಹೆಂಡ್ತಿ ತೀರಿಸಬೇಕಂತ ಈ ಊರಾಗ ಕಟ್ಟಳಿ ಇಲ್ಲ. ನಿನ್ನೊಳಗ ಐತಿ ಅಂದ್ರ ನಿಂದ. ಆಕೀನೂ ಕೇಳಿಲ್ಲ, ಕೇಳೂದೂ ಇಲ್ಲ. ನಾ ಯಾರಿಗೂ ಅನ್ನೂದಿಲ್ಲ. ಒಳಗ ಹೋಗಿ ಒಮ್ಮೆ ನೋಡ್ಕೊಂಡ ಬಾ. ಆಮ್ಯಾಲೆ ಹೇಳು."

ಒಳಗೆ ಹೋದೆ. ಹೋಗಬಾರದಿತ್ತು. ಅಡುಗೆಮನೆಯ ಕಿಟಕಿಯಿಂದ ಬೆಳಕು ಬಂದು ಕೆಂಪು ನೆಲದ ಮೇಲೆ ಬಿದ್ದಿತ್ತು. ಪೆನ್ಸಿಲಿನ ಗೆರೆ ಇತ್ತು. ನಾನು ಅದರ ಮೇಲೆ ಬೆರಳಿಟ್ಟೆ. ಇಲ್ಲಿ ಇರಬಹುದು. ಇಲ್ಲಿ ಚೆನ್ನಾಗಿ ಮಲಗಿ, ಚೆನ್ನಾಗಿ ಎದ್ದು, ಪುಸ್ತಕ ಇಟ್ಟುಕೊಂಡು, ಯಾರ ಮಕ್ಕಳ ತಲೆಯನ್ನೂ ಬಾಚದೆ ಇರಬಹುದು. ಆ ಮರದ ಕೆಳಗಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಸಂತೆಗೆ ಹೋದರಾಯಿತು.

ಆಗ ನನಗೆ ಆಕಳಿಕೆ ಬಂತು. ದವಡೆ ನೋಯುವಷ್ಟು ದೊಡ್ಡದು, ಮೈಯೆಲ್ಲ ಸಡಿಲವಾಗುವಂಥದು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಆಕಳಿಸಿಲ್ಲ. ಅದು ನನ್ನದಲ್ಲ. ಕೆಂಡದ ಪೆಟ್ಟಿಗೆ ಹಿಡಿದು ನಿಂತಿರುವ ಒಬ್ಬಳಿಗೆ ಬರಬೇಕಾದದ್ದು, ನನಗೆ ಬಂದಿತ್ತು.

ಹೊರಗೆ ಬಂದು, "ನಾ ಹೇಳಿದ್ದ ಅಷ್ಟರೀ. ನಸುಕಿಂದು, ಮಧ್ಯಾಹ್ನದ್ದು," ಎಂದೆ.

"ಹಂಗಾರ ಆ ಹುಡುಗಗ ಹೂಂ ಅಂತೀನಿ."

"ಅನ್ರಿ."

ರಾಚಮ್ಮ ನನ್ನನ್ನು ನೋಡುತ್ತಲೇ ಇದ್ದಳು. ಮಾರುವವಳ ನೋಟವಲ್ಲ ಅದು. "ಹುಚ್ಚಿ," ಎಂದಳು ಕೊನೆಗೆ, ಮೆಲ್ಲಗೆ. ಸೆರಗಿಗೆ ಒಂದಿಷ್ಟು ಅವರೆಕಾಯಿ ಹಾಕಿದಳು. ನಾನು ಬೇಡವೆನ್ನಲಿಲ್ಲ.

ಹುಲಿಗೆವ್ವ ಅಲ್ಲಿಯೇ ಇದ್ದಳು. ಯಾರದೋ ಬಿಳಿಯ ಜುಬ್ಬಾ ಹರವಿಕೊಂಡು, ಪೆಟ್ಟಿಗೆಗೆ ಹೊಸ ಕೆಂಡ ತುಂಬಿ, ಒಮ್ಮೆ ಎಳೆದು, ನಿಂತಲ್ಲೇ ಕಣ್ಣು ತೆರೆದುಕೊಂಡು ಏನನ್ನೂ ನೋಡದೆ ನಿಂತಿದ್ದಳು. ನಾನು ಹತ್ತಿರ ಹೋದದ್ದೂ ಅವಳಿಗೆ ತಿಳಿಯಲಿಲ್ಲ.

"ಅಕ್ಕಾ, ಕಣ್ಣ ಮುಚ್ಚು."

"ಯಾಕ?" ಎಂದಳು. ಆಮೇಲೆ ತಿಳಿಯಿತು. "ಬ್ಯಾಡವಾ. ಈಗ ಬ್ಯಾಡ. ಅವಾ ಹೋಗಿ ಹನ್ನೆರಡ ದಿನಾನೂ ಆಗಿಲ್ಲ. ನಿನಗ ಬೇಕಾಗತೈತಿ ಅದು. ನಾ ಹೆಂಗರ ಇರ್ತೀನಿ."

"ಮುಚ್ಚು."

"ಮನಿ?"

"ಆ ಮಾತ ಮುಗದೈತಿ."

ಕಣ್ಣು ಮುಚ್ಚಿದಳು. ರೆಪ್ಪೆಗಳು ಬಿಸಿಯಾಗಿದ್ದವು, ಅದುರುತ್ತಿದ್ದವು. ಅಂಗೈ ಇಟ್ಟೆ. ಹೇಳಬೇಕಾದ ಒಂದು ಮಾತು ನಾಲಿಗೆಗೆ ಬರಲಿಲ್ಲ. ಅದನ್ನು ಹೇಳಿದರೆ ಅವನ ಉಸಿರು, ಅವನ ಮಗ್ಗುಲು, ನಾನು ನಂಬಿದ ಅಷ್ಟೂ ರಾತ್ರಿಗಳು ಬೇವಿನ ಮರದ ಕೆಳಗೆ ಇಳಿದು ಹೋಗುತ್ತವೆ. ಅವು ಇಲ್ಲಿಂದಲೇ ಬಂದಿದ್ದವು.

"ತಗೊ," ಎಂದೆ.

ಅವಳ ಮೊಣಕಾಲು ಮಡಚಿತು. ಹಿಡಿದು ಬಂಡಿಯ ಮೇಲಿನ ಬಟ್ಟೆಯ ಗಂಟಿಗೆ ಒರಗಿಸಿದೆ. ಒರಗುವಷ್ಟರಲ್ಲಿ ಉಸಿರು ದೀರ್ಘವಾಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಮುಖದ ಗೆರೆಗಳೆಲ್ಲ ಒಂದೊಂದಾಗಿ ಬಿಟ್ಟುಕೊಂಡವು. ಹುಲಿಗೆವ್ವ ನನಗಿಂತ ಅಷ್ಟೇನೂ ದೊಡ್ಡವಳಲ್ಲ ಎಂದು ಆಗ ಕಂಡಿತು.

ನನ್ನೊಳಗೆ ಏನೋ ಥಟ್ಟನೆ ತೆರೆದುಕೊಂಡಿತು. ಮರದ ಎಲೆ, ಬೀದಿಯ ಧೂಳು, ಮೋಟಾರ್ ಅಂಗಡಿಯ ಅರೆತೆರೆದ ಬಾಗಿಲು, ಎಲ್ಲ ಕಣ್ಣಿಗೆ ಚುಚ್ಚುವಷ್ಟು ಸ್ಪಷ್ಟವಾಯಿತು. ಗವಿಸಿದ್ಧ ಸತ್ತಿದ್ದಾನೆ. ಇದನ್ನು ನನಗೆ ಯಾರೋ ಈಗಷ್ಟೇ ಹೇಳಿದ ಹಾಗಿತ್ತು.

ಸುಟ್ಟ ವಾಸನೆ ಬಂತು. ಪೆಟ್ಟಿಗೆ ಜುಬ್ಬಾದ ಮೇಲೆಯೇ ಇತ್ತು. ಧಾವಿಸಿ ಎತ್ತಿದೆ. ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಎಲ್ಲಿ ಇಡುವುದೆಂದು ತೋಚದೆ, ಅಳುತ್ತಾ ನಿಂತೆ.